ಲ್ಯಾಂಕಾಸ್ಟರ್‌ನ ಆಮಿಶ್ ನಾಡಿಗೆ ಯಾವ ಕಾಲದಲ್ಲಿ ಹೋದರೆ ಏನು ಕಾಣಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿ, ಫಿಲಡೆಲ್ಫಿಯಾ, ಮೇರಿಲ್ಯಾಂಡ್ ಕಡೆ ನೆಲೆಸಿರುವ ಕನ್ನಡಿಗರು ಶನಿವಾರ, ಭಾನುವಾರದ ಬಿಡುವಿನಲ್ಲಿ ಹೋಗಿ ಬರುವ ಜಾಗಗಳಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯೂ ಒಂದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವವರೂ ಬಹಳ. ಆದರೆ ಭಾನುವಾರವೇ ಹೋಗಿ, ಬಾಗಿಲು ಹಾಕಿದ ಅಂಗಡಿಗಳನ್ನು ನೋಡಿ, ದೊಡ್ಡ ರಸ್ತೆಯ ಪಕ್ಕದ ಹೋಟೆಲಿನಲ್ಲಿ ಊಟ ಮಾಡಿ, ‘ಅಲ್ಲಿ ಅಂಥದ್ದೇನಿದೆ’ ಎಂದುಕೊಂಡು ಹಿಂತಿರುಗುವವರೂ ಇದ್ದಾರೆ. ಇದು ಆಮಿಶರು ಎಂಬ ಕ್ರೈಸ್ತ ಸಮುದಾಯದವರ ಬೇಸಾಯದ ನಾಡು. ಹೊಲದಲ್ಲಿ ಆ ವಾರ ಯಾವ ಕೆಲಸ ನಡೆಯುತ್ತಿದೆ ಎಂಬುದೇ ನಿಮಗೆ ಏನು ಕಾಣಿಸುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಆಮಿಶ್ ನಾಡು ಎಂದರೆ ನಿರ್ದಿಷ್ಟವಾಗಿ ಎಲ್ಲಿದೆ?

ಅಮೆರಿಕದ ಹಲವಾರು ರಾಜ್ಯಗಳಲ್ಲಿ ಆಮಿಶರ ಊರುಗಳಿವೆ. ಒಹಾಯೊ ರಾಜ್ಯದ ಹೋಮ್ಸ್ ಕೌಂಟಿ ಮತ್ತು ಇಂಡಿಯಾನಾದ ಶಿಪ್ಶೆವಾನಾ ಸುತ್ತಮುತ್ತಲಿನ ಪ್ರದೇಶಗಳೂ ಪ್ರಸಿದ್ಧವೇ. ಇಲ್ಲಿನ ಉತ್ತರಗಳೆಲ್ಲ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಸಂಬಂಧಿಸಿದವು. ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಈ ಕೌಂಟಿಯ ಪೂರ್ವ ಭಾಗದಲ್ಲಿ, 30 ಮತ್ತು 340ನೇ ಸಂಖ್ಯೆಯ ರಸ್ತೆಗಳ ಆಚೀಚೆ, ಬರ್ಡ್ ಇನ್ ಹ್ಯಾಂಡ್, ಇಂಟರ್‌ಕೋರ್ಸ್, ಗಾರ್ಡನ್‌ವಿಲ್, ರಾಂಕ್ಸ್, ಪ್ಯಾರಡೈಸ್, ಸ್ಟ್ರಾಸ್‌ಬರ್ಗ್ ಎಂಬ ಸಣ್ಣ ಊರುಗಳಿವೆ. ನೋಡಬೇಕಾದದ್ದು ಇವುಗಳ ನಡುವಣ ಒಳದಾರಿಗಳಲ್ಲಿದೆ. ಊರಿನವರು ಕೌಂಟಿಯ ಹೆಸರನ್ನು ‘ಲ್ಯಾಂಕಿಸ್ಟರ್’ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳುತ್ತಾರೆ. ದಾರಿ ಕೇಳುವಾಗ ಇದು ಉಪಯೋಗಕ್ಕೆ ಬರುತ್ತದೆ.

ಆಮಿಶರು ಯಾರು? ಅವರು ಯಂತ್ರವನ್ನೇ ಮುಟ್ಟುವುದಿಲ್ಲ ಎಂಬುದು ನಿಜವೇ?

ಹುಟ್ಟಿದ ಮಗುವಿಗಲ್ಲ, ತಿಳಿವಳಿಕೆ ಬಂದು ತಾನಾಗಿ ಒಪ್ಪಿದವರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲಬೇಕು ಎಂದು ವಾದಿಸಿದ ಕ್ರೈಸ್ತರ ಒಂದು ಪಂಗಡ 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿಕೊಂಡಿತು. ಆ ಪರಂಪರೆಯಲ್ಲಿ 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬ ಹಿರಿಯರ ನೇತೃತ್ವದಲ್ಲಿ ಬೇರೆಯಾದವರೇ ಆಮಿಶರು. ಯೂರೋಪಿನಲ್ಲಿ ಹಿಂಸೆ ಅನುಭವಿಸಿದ ಇವರು, ಧರ್ಮದ ವಿಷಯದಲ್ಲಿ ಸಹನೆಯನ್ನು ಸಾರಿದ ವಿಲಿಯಂ ಪೆನ್‌ನ ವಸಾಹತಾದ ಪೆನ್ಸಿಲ್ವೇನಿಯಾಕ್ಕೆ 18ನೇ ಶತಮಾನದ ಮೊದಲ ಭಾಗದಲ್ಲಿ ಬಂದರು. ಮನೆಯಲ್ಲಿ ಪೆನ್ಸಿಲ್ವೇನಿಯಾ ಡಚ್ ಎಂದು ಕರೆಯುವ, ಹೆಸರು ಹಾಗಿದ್ದರೂ ವಾಸ್ತವವಾಗಿ ಜರ್ಮನ್ ಮೂಲದ, ಆಡುನುಡಿಯನ್ನು ಮಾತನಾಡುತ್ತಾರೆ. ಪ್ರಾರ್ಥನೆಗೆ ಹಳೆಯ ಜರ್ಮನ್, ಶಾಲೆಗೆ ಇಂಗ್ಲಿಷ್. ಮೂರು ಭಾಷೆಗಳ ನಡುವೆ ದಿನ ಕಳೆಯುವ ಮಕ್ಕಳನ್ನು ಕಂಡರೆ ಕನ್ನಡದವರಿಗೆ ಆಶ್ಚರ್ಯವಾಗಲಾರದು.

ಯಂತ್ರದ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ಯಾವುದನ್ನು ಒಳಗೆ ಬಿಟ್ಟುಕೊಂಡರೆ ಮನೆ, ನೆರೆ, ಸಭೆಗಳ ಕಟ್ಟು ಸಡಿಲವಾಗುತ್ತದೆ ಎಂದು ಪ್ರತಿ ಸಭೆಯೂ ಕೂಡಿ ಯೋಚಿಸಿ ನಿಯಮ ಮಾಡಿಕೊಳ್ಳುತ್ತದೆ. ಅದನ್ನು ಅವರು ‘ಓರ್ಡ್ನುಂಗ್’ ಎನ್ನುತ್ತಾರೆ. ಊರಿನ ತಂತಿಯ ವಿದ್ಯುತ್ತು ಮನೆಗೆ ಬರುವುದಿಲ್ಲ, ಆದರೆ ಅನಿಲದಿಂದ ನಡೆಯುವ ಫ್ರಿಜ್ ಇರುತ್ತದೆ. ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುವುದಿಲ್ಲ, ಆದರೆ ಒಣಹುಲ್ಲನ್ನು ಪಿಂಡಿ ಕಟ್ಟುವ ಯಂತ್ರಕ್ಕೆ ಎಂಜಿನ್ ಕೂರಿಸಿ, ಕಬ್ಬಿಣದ ಗಾಲಿಗಳ ಆ ಯಂತ್ರವನ್ನು ಹೇಸರಗತ್ತೆಗಳಿಂದ ಎಳೆಸುತ್ತಾರೆ. ಇದನ್ನು ವಿಚಿತ್ರವೆಂದು ನಗುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಒಂದು ಸಮುದಾಯದ ತಾಳ್ಮೆಯ ವಿವೇಚನೆ.

ಹೋಗಲು ಎಲ್ಲಕ್ಕಿಂತ ಒಳ್ಳೆಯ ಕಾಲ ಯಾವುದು?

ಒಮ್ಮೆ ಮಾತ್ರ ಹೋಗಲು ಸಾಧ್ಯವಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ಒಂದು ವಾರವನ್ನು, ಅದರಲ್ಲೂ ವಾರದ ನಡುವಿನ ದಿನಗಳನ್ನು, ಆರಿಸಿಕೊಳ್ಳಿ. ಮೆಕ್ಕೆಜೋಳದ ಕೊಯ್ಲು, ಸೇಬು, ಕುಂಬಳ, ಬಣ್ಣ ತಿರುಗಿದ ಮರಗಳು ಎಲ್ಲವೂ ಆಗ ಒಟ್ಟಿಗೆ ಸಿಗುತ್ತವೆ. ಎರಡನೆಯ ಬಾರಿ ಹೋಗುವವರಿಗೆ ನನ್ನ ಸಲಹೆ ಮಾರ್ಚ್ ತಿಂಗಳು. ಬಹುತೇಕ ಪ್ರವಾಸಿಗರು ಬಿಟ್ಟುಬಿಡುವ ಈ ತಿಂಗಳಿನಲ್ಲೇ ಆ ಊರುಗಳು ತಮ್ಮ ಪಾಡಿಗೆ ತಾವು ಹೇಗಿರುತ್ತವೆ ಎಂಬುದು ಕಾಣುತ್ತದೆ.

ಮಾರ್ಚ್‌ನಲ್ಲಿ ನಡೆಯುವ ‘ಮಡ್ ಸೇಲ್’ ಎಂದರೇನು? ಹೊರಗಿನವರು ಹೋಗಬಹುದೇ?

ಖಂಡಿತ ಹೋಗಬಹುದು. ಈ ಊರುಗಳಲ್ಲಿ ಬೆಂಕಿ ಆರಿಸುವ ದಳಗಳು ಸ್ವಯಂಸೇವಕರಿಂದ ನಡೆಯುತ್ತವೆ, ಆಮಿಶ್ ಗಂಡಸರೂ ಅವುಗಳಲ್ಲಿ ದುಡಿಯುತ್ತಾರೆ. ಅಗ್ನಿಶಾಮಕ ವಾಹನವನ್ನು ಅವರು ಓಡಿಸುವುದಿಲ್ಲ, ಆದರೆ ಅದರಲ್ಲಿ ಕುಳಿತು ಹೋಗಿ ಬೆಂಕಿಯ ಮುಂದೆ ನಿಲ್ಲುತ್ತಾರೆ. ಈ ದಳಗಳ ಖರ್ಚಿಗಾಗಿ ಫೆಬ್ರುವರಿ ಕೊನೆಯಿಂದ ವಸಂತದವರೆಗೆ ಒಂದೊಂದು ಊರಿನಲ್ಲಿ ಒಂದೊಂದು ಶನಿವಾರ ದೊಡ್ಡ ಹರಾಜು ನಡೆಯುತ್ತದೆ. ಹಿಮ ಕರಗಿ ನೆಲವೆಲ್ಲ ಕೆಸರಾಗಿರುವ ಕಾಲವಾದ್ದರಿಂದ ‘ಕೆಸರಿನ ಹರಾಜು’ ಎಂಬ ಹೆಸರು ಬಿದ್ದಿದೆ. ಗಾರ್ಡನ್‌ವಿಲ್‌ನ ಹರಾಜು ಮಾರ್ಚ್ ತಿಂಗಳ ಎರಡನೇ ಶನಿವಾರ ನಡೆಯುವ ವಾಡಿಕೆ. ಅದು ಇವುಗಳಲ್ಲೆಲ್ಲ ಹೆಸರುವಾಸಿಯಾದದ್ದು.

ನಮ್ಮ ದನಗಳ ಜಾತ್ರೆಯನ್ನು ಕಂಡವರಿಗೆ ಆ ಗದ್ದಲ ಅಪರಿಚಿತವೆನಿಸುವುದಿಲ್ಲ. ಒಂದೇ ಮೈದಾನದಲ್ಲಿ ಏಕಕಾಲಕ್ಕೆ ಹಲವು ಕಡೆ ಕೂಗು ನಡೆಯುತ್ತಿರುತ್ತದೆ. ಒಂದೆಡೆ ಹಳೆಯ ನೇಗಿಲು, ಕುಂಟೆ, ಕುದುರೆಯ ಜೀನು. ಇನ್ನೊಂದೆಡೆ ಬಳಸಿದ ಬಗ್ಗಿ ಎಂಬ ಕುದುರೆ ಗಾಡಿಗಳು ಸಾಲಾಗಿ. ಮತ್ತೊಂದೆಡೆ ಕುದುರೆಗಳು. ಡೇರೆಯೊಳಗೆ ನಮ್ಮ ಕೌದಿಯಂಥ ಹೊದಿಕೆಗಳಾದ ಕ್ವಿಲ್ಟುಗಳ ಹರಾಜು. ನಾನು ನೋಡಿದ ಒಂದು ಹರಾಜಿನಲ್ಲಿ ಇಬ್ಬರು ಹೆಂಗಸರು ಹಲಗೆಯ ಮೇಲೆ ನಿಂತು ಒಂದು ಕ್ವಿಲ್ಟನ್ನು ಎರಡು ತುದಿಯಲ್ಲಿ ಹಿಡಿದು ಬಿಡಿಸಿದರು. ಕಡುನೀಲಿ, ಬಿಳಿ ತುಂಡುಗಳ ಮೇಲೆ ಕೈಹೊಲಿಗೆಯ ನೆರಳು ಸಣ್ಣ ಅಲೆಗಳಂತೆ ಕಾಣುತ್ತಿತ್ತು. ಕೂಗುವವನ ಮಾತು ಉಸಿರು ತೆಗೆದುಕೊಳ್ಳದೆ ಹಾಡಿನ ಹಾಗೆ ಓಡುತ್ತಿತ್ತು. ಮುಂದಿನ ಸಾಲಿನ ಬೆಂಚಿನಲ್ಲಿ ಹುಲ್ಲಿನ ಟೋಪಿಯ ಹುಡುಗನೊಬ್ಬ ಬಿಸಿ ಡೋನಟ್ ಹಿಡಿದುಕೊಂಡು, ತಿನ್ನುವುದನ್ನೂ ಮರೆತು, ಬೆಲೆ ಏರುವುದನ್ನೇ ನೋಡುತ್ತಿದ್ದ.

ಏನಾದರೂ ಕೊಳ್ಳುವ ಮನಸ್ಸಿದ್ದರೆ ಮೊದಲೇ ಹೆಸರು ಬರೆಸಿ ಸಂಖ್ಯೆಯ ಚೀಟಿ ಪಡೆಯಬೇಕು. ಕೊಳ್ಳುವ ಇಚ್ಛೆಯಿಲ್ಲದಿದ್ದರೆ ಕೂಗು ನಡೆಯುವಾಗ ಕೈ ಎತ್ತಿ ಯಾರನ್ನೂ ಕರೆಯಬೇಡಿ. ರಬ್ಬರ್ ಬೂಟು, ನಗದು ಹಣ, ಮಕ್ಕಳಿಗೆ ಒಂದು ಜೊತೆ ಹೆಚ್ಚಿನ ಬಟ್ಟೆ ಜೊತೆಗಿರಲಿ. ವಾಹನ ನಿಲ್ಲಿಸುವ ಜಾಗ ಬೇಗ ತುಂಬುವುದರಿಂದ ಬೆಳಗ್ಗೆ ಎಂಟರೊಳಗೆ ತಲುಪುವುದು ಒಳ್ಳೆಯದು.

ಅದೇ ಸಮಯದಲ್ಲಿ ನೋಡಬಹುದಾದ ಬೇರೆ ಏನಾದರೂ ಇದೆಯೇ?

ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಕೌಂಟಿಯ ಉತ್ತರ ಅಂಚಿನಲ್ಲಿರುವ ಮಿಡಲ್ ಕ್ರೀಕ್ ವನ್ಯಜೀವಿ ಪ್ರದೇಶದ ಕೆರೆಗೆ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಮೊದಲ ವಾರಗಳಲ್ಲಿ ಹಿಮ ಹೆಬ್ಬಾತುಗಳು ಬಂದಿಳಿಯುತ್ತವೆ. ಅಟ್ಲಾಂಟಿಕ್ ಕರಾವಳಿಯಲ್ಲಿ ಚಳಿಗಾಲ ಕಳೆದು ಉತ್ತರ ಧ್ರುವದ ಕಡೆಯ ಬಯಲುಗಳಿಗೆ ಮೊಟ್ಟೆಯಿಡಲು ಹೋಗುವ ದಾರಿಯಲ್ಲಿ ಅವಕ್ಕೆ ಇದು ತಂಗುದಾಣ. ಕೆಲವು ದಿನಗಳಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿದ್ದುಂಟು. ಸೂರ್ಯ ಹುಟ್ಟುವ ಹೊತ್ತಿಗೆ ದಡ ತಲುಪಿದರೆ, ಕೆರೆಯ ಮೇಲೆ ಹಾಸಿದ ಬಿಳಿಯೆಲ್ಲ ಒಮ್ಮೆಗೇ ಎದ್ದು ಸದ್ದು ಮಾಡುತ್ತ ತಲೆಯ ಮೇಲೆ ಸುತ್ತುವುದನ್ನು ಕಾಣಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರು ಆ ದೃಶ್ಯವನ್ನು ಹಲವು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಬಹುದು. ಬಿಸಿಲು ಏರಿದ ಮೇಲೆ ಹಕ್ಕಿಗಳು ಮೇವಿಗಾಗಿ ಸುತ್ತಲಿನ ಹೊಲಗಳಿಗೆ ಹೋಗಿಬಿಡುತ್ತವೆ, ಹಾಗಾಗಿ ತಡವಾಗಿ ಎದ್ದವರಿಗೆ ಸಿಗುವುದು ಬರೀ ನೀರು.

ವಸಂತದಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಏನಿರುತ್ತದೆ?

ಉಳುಮೆ. ನಾಲ್ಕೋ ಆರೋ ಹೇಸರಗತ್ತೆಗಳನ್ನು ಒಂದೇ ಸಾಲಿಗೆ ಕಟ್ಟಿ, ಕಬ್ಬಿಣದ ಆಸನದ ಮೇಲೆ ಕುಳಿತ ಯುವಕ ಹೊಲದ ಉದ್ದಕ್ಕೂ ಹೋಗಿ ಬರುವುದನ್ನು ರಸ್ತೆಯ ಬದಿಯಲ್ಲಿ ನಿಂತು ನೋಡುವುದೇ ಈ ಕಾಲದ ಮುಖ್ಯ ಕೆಲಸ. ಗೊಬ್ಬರ ಹರಡುವ ಕಾಲವೂ ಇದೇ ಆದ್ದರಿಂದ ಸುತ್ತಮುತ್ತ ಸಗಣಿಯ ವಾಸನೆ ಗಾಢವಾಗಿರುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಅದು ಹಿತವಾದ ನೆನಪು, ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಸಾಕು. ಏಪ್ರಿಲ್ ಕೊನೆಯಿಂದ ಮೆಕ್ಕೆಜೋಳದ ಬಿತ್ತನೆ. ಮೇ ನಡುವಿನಲ್ಲಿ, ನಮ್ಮ ಹೈನುಗಾರರು ಲೂಸರ್ನ್ ಎಂದೋ ಕುದುರೆ ಮೆಂತೆ ಎಂದೋ ಕರೆಯುವ ಆಲ್ಫಾಲ್ಫಾದ ಮೊದಲ ಕೊಯ್ಲು.

ಇಂಟರ್‌ಕೋರ್ಸ್‌ನ ಕಿಚನ್ ಕೆಟಲ್ ವಿಲೇಜ್ ಎಂಬ ಅಂಗಡಿಗಳ ಗುಂಪಿನಲ್ಲಿ ಮೇ ತಿಂಗಳಿನಲ್ಲಿ ರೂಬಾರ್ಬ್ ಉತ್ಸವ ನಡೆಯುತ್ತದೆ. ರೂಬಾರ್ಬ್ ಎಂಬುದು ಕೆಂಪು ದಂಟಿನ, ತೀರ ಹುಳಿಯಾದ ಒಂದು ಗಿಡ. ಅದರ ಜಾಮ್ ಮಾಡುವುದನ್ನು ಅಲ್ಲಿ ಕಣ್ಣೆದುರು ನೋಡಬಹುದು. ಹುಳಿ, ಸಿಹಿ ಎರಡನ್ನೂ ಬೆರೆಸಿ ತಿನ್ನುವ ನಮ್ಮ ನಾಲಿಗೆಗೆ ಅದು ಸುಲಭವಾಗಿ ಒಗ್ಗುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಸ್ಟ್ರಾಬೆರಿ, ತೋಟಕ್ಕೆ ಹೋಗಿ ನಾವೇ ಕಿತ್ತುಕೊಳ್ಳಬಹುದಾದ ಜಾಗಗಳೂ ಇವೆ.

ಬೇಸಿಗೆಯಲ್ಲಿ ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಹೇಗೆ ಯೋಜಿಸಬೇಕು?

ಜುಲೈ, ಆಗಸ್ಟ್ ಮಧ್ಯಾಹ್ನಗಳು ಸೆಖೆಯವು. ಬೆಳಗ್ಗೆ ಹೊರಗೆ, ಮಧ್ಯಾಹ್ನ ಒಳಗೆ, ಸಂಜೆ ಮತ್ತೆ ಹೊರಗೆ ಎಂಬಂತೆ ದಿನವನ್ನು ಹಂಚಿಕೊಳ್ಳಿ. ಸೋಮವಾರ ಬೆಳಗ್ಗೆ ಅಲ್ಲಿರಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಸೋಮವಾರ ಬಟ್ಟೆ ಒಗೆಯುವ ದಿನ. ಮನೆಯ ಹಿಂಬಾಗಿಲಿನಿಂದ ಕೊಟ್ಟಿಗೆಯ ತಾರಸಿನ ಎತ್ತರಕ್ಕೆ ರಾಟೆ ಹಾಕಿ ಎಳೆದ ಹಗ್ಗದ ಮೇಲೆ, ಅಳತೆಯ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ, ಕಪ್ಪು ಷರಾಯಿಗಳು, ಆಮೇಲೆ ನೇರಳೆ, ಹಸಿರು, ನೀಲಿ ಬಣ್ಣದ ಅಂಗಿಗಳು, ಲಂಗಗಳು ಗಾಳಿಗೆ ಆಡುತ್ತಿರುತ್ತವೆ. ಆ ಸಾಲನ್ನು ನೋಡಿಯೇ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಲೆಕ್ಕ ಹಾಕಬಹುದು. ನಮ್ಮ ಮನೆಯ ಹಿರಿಯರೊಬ್ಬರು ಇಡೀ ಪ್ರವಾಸದಲ್ಲಿ ಬಹಳ ಹೊತ್ತು ಮೌನವಾಗಿ ನೋಡಿದ್ದು ಆ ಹಗ್ಗವನ್ನೇ.

ಮಧ್ಯಾಹ್ನಕ್ಕೆ ಸ್ಟ್ರಾಸ್‌ಬರ್ಗ್ ರೈಲು ಚೆನ್ನಾಗಿ ಹೊಂದುತ್ತದೆ. 1832ರಲ್ಲಿ ಸನ್ನದು ಪಡೆದ ಈ ರೈಲು ಕಂಪನಿ ಇಂದಿಗೂ ಉಗಿ ಎಂಜಿನ್ ಓಡಿಸುತ್ತಿದೆ. ಹೊಲಗಳ ನಡುವೆ ಪ್ಯಾರಡೈಸ್‌ವರೆಗೆ ಹೋಗಿ ಬರಲು ಸುಮಾರು 45 ನಿಮಿಷ. ನಡೆಯಲಾಗದವರು ಕೂಡ ಕುಳಿತಲ್ಲಿಂದಲೇ ಆಮಿಶ್ ಹೊಲಗಳನ್ನು ಹತ್ತಿರದಿಂದ ನೋಡುತ್ತಾರೆ. ನಿಲ್ದಾಣದ ಎದುರಿಗೇ ಪೆನ್ಸಿಲ್ವೇನಿಯಾ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮಕ್ಕಳಿದ್ದರೆ ಅದಕ್ಕೆ ಎರಡು ಗಂಟೆ ಬೇಕು.

ಜೂನ್, ಜುಲೈ ಸಂಜೆಗಳಲ್ಲಿ ಕತ್ತಲಾಗುವವರೆಗೆ ಕಾಯಿರಿ. ಹುಲ್ಲಿನ ಮೇಲೆ ಮಿಂಚುಹುಳಗಳು ಏಳುತ್ತವೆ. ಮನೆಗಳಿಂದ ವಿದ್ಯುದ್ದೀಪದ ಬೆಳಕಿಲ್ಲದ ಕಾರಣ ಆ ಮಿಣುಕು ಅಲ್ಲಿ ಬಹಳ ದೂರದವರೆಗೆ ಕಾಣುತ್ತದೆ.

ಆಗಸ್ಟ್‌ನಲ್ಲಿ ಹೊಲಗಳಲ್ಲಿ ಕಾಣುವ ಅಗಲ ಎಲೆಯ ಗಿಡ ಯಾವುದು?

ತಂಬಾಕು. ಬಹಳ ಕಾಲದಿಂದ ಇಲ್ಲಿ ಅದನ್ನು ಬೆಳೆಯುತ್ತಾರೆ, ಇತ್ತೀಚಿನ ದಶಕಗಳಲ್ಲಿ ಬೆಳೆ ಕಡಿಮೆಯಾಗಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ನೋಡುವುದರಲ್ಲಿ ವಿಶೇಷ ಆಸಕ್ತಿ ಹುಟ್ಟಬಹುದು, ಏಕೆಂದರೆ ಹದ ಮಾಡುವ ರೀತಿ ಬೇರೆ. ನಮ್ಮಲ್ಲಿ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸೌದೆಯ ಶಾಖ ಕೊಟ್ಟು ಒಣಗಿಸುತ್ತಾರೆ. ಇಲ್ಲಿ ಗಿಡವನ್ನೇ ಬುಡದಲ್ಲಿ ಕತ್ತರಿಸಿ, ಹಲವು ಗಿಡಗಳ ಕಾಂಡಗಳನ್ನು ಒಂದು ಉದ್ದನೆಯ ಮರದ ಪಟ್ಟಿಗೆ ಚುಚ್ಚಿ ಪೋಣಿಸಿ, ದೊಡ್ಡ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ನೇತು ಹಾಕುತ್ತಾರೆ. ಕೊಟ್ಟಿಗೆಯ ಗೋಡೆಯ ಹಲಗೆಗಳಿಗೆ ತಿರುಗಣಿ ಇರುತ್ತದೆ. ಅವನ್ನು ಅರೆತೆರೆದು ಬರೀ ಗಾಳಿಯಿಂದಲೇ ಎಲೆ ಕಂದಾಗುವಂತೆ ಮಾಡುತ್ತಾರೆ. ಎಲೆ ಬಿಡಿಸುವ ಕೆಲಸ ಚಳಿಗಾಲಕ್ಕೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುವ ಹೊತ್ತಿಗೆ. ಗೋಡೆಯ ಸಂದುಗಳಿಂದ ಹಳದಿ ತಿರುಗಿದ ಎಲೆಗಳು ಇಣುಕುವ ಕೊಟ್ಟಿಗೆಗಳನ್ನು ಸೆಪ್ಟೆಂಬರ್‌ನಲ್ಲಿ ಅಲ್ಲಲ್ಲಿ ಕಾಣಬಹುದು.

ಶರತ್ಕಾಲದಲ್ಲಿ ಏನೇನು ಮಾಡಬಹುದು?

ಸೆಪ್ಟೆಂಬರ್‌ನಲ್ಲಿ ಹಸಿ ಮೆಕ್ಕೆಜೋಳವನ್ನು ಕತ್ತರಿಸಿ ಎತ್ತರದ ಗೋಪುರಗಳಿಗೆ ತುಂಬಿ ರಸಮೇವು ಮಾಡುತ್ತಾರೆ. ನೆರೆಯವರೆಲ್ಲ ಸೇರಿ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗುವ ಈ ಕೆಲಸ ನಮ್ಮ ಮುಯ್ಯಾಳಿನ ಪದ್ಧತಿಯನ್ನು ಬಹಳ ಮಟ್ಟಿಗೆ ಹೋಲುತ್ತದೆ. ಅಕ್ಟೋಬರ್‌ನಲ್ಲಿ ಒಣಗಿದ ತೆನೆಗಳ ಕೊಯ್ಲು.

ಮಕ್ಕಳಿಗೆ ರಾಂಕ್ಸ್‌ನ ಚೆರಿ ಕ್ರೆಸ್ಟ್ ತೋಟದ ಐದು ಎಕರೆ ಮೆಕ್ಕೆಜೋಳದ ಚಕ್ರವ್ಯೂಹ ಇಷ್ಟವಾಗುತ್ತದೆ. ದಂಟುಗಳು ಆಳೆತ್ತರ ಮೀರಿ ನಿಂತಿರುವುದರಿಂದ ದೊಡ್ಡವರೂ ದಾರಿ ತಪ್ಪುತ್ತಾರೆ. ಸೇಬಿನ ತೋಟಗಳು, ಮನೆಯ ಮುಂದೆ ಕುಂಬಳ ಜೋಡಿಸಿ ಹಣ ಹಾಕಲು ಡಬ್ಬ ಇಟ್ಟು ಹೋದ ಕಟ್ಟೆಗಳು ಎಲ್ಲೆಲ್ಲೂ ಸಿಗುತ್ತವೆ. ಅಂಥ ಕಟ್ಟೆಯಲ್ಲಿ ಚಿಲ್ಲರೆ ಕೊಡಲು ಯಾರೂ ಇರುವುದಿಲ್ಲ, ಆದ್ದರಿಂದ ಒಂದು, ಐದು ಡಾಲರಿನ ನೋಟುಗಳು ಜೇಬಿನಲ್ಲಿರಬೇಕು. ಕೌಂಟಿಯಲ್ಲಿ ಮಾಡು ಹೊದಿಸಿದ ಹಳೆಯ ಮರದ ಸೇತುವೆಗಳು ಇಪ್ಪತ್ತೈದಕ್ಕೂ ಹೆಚ್ಚಿವೆ. ಬಣ್ಣ ತಿರುಗಿದ ಮರಗಳ ನಡುವೆ ಅವನ್ನು ಹುಡುಕುತ್ತ ಒಂದು ಮಧ್ಯಾಹ್ನ ಕಳೆಯಬಹುದು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಎಫ್ರಾಟಾ ಪಟ್ಟಣದ ಬೀದಿಯಲ್ಲೇ ಜಾತ್ರೆ ನಡೆಯುತ್ತದೆ. ಅದೇ ಪಟ್ಟಣದಲ್ಲಿ 1732ರಲ್ಲಿ ಕಾನ್ರಾಡ್ ಬೈಸೆಲ್ ಸ್ಥಾಪಿಸಿದ ಮಠದ ಮರದ ಕಟ್ಟಡಗಳನ್ನೂ ನೋಡಬಹುದು. ಅದು ಆಮಿಶರದ್ದಲ್ಲ, ಬೇರೊಂದು ಜರ್ಮನ್ ಪಂಥದ್ದು.

ಆಮಿಶರ ಮದುವೆಯನ್ನು ನೋಡಬಹುದೇ?

ಕರೆಯದೆ ಹೋಗುವಂತಿಲ್ಲ. ಆದರೆ ಮದುವೆಯ ಕಾಲವನ್ನು ಗುರುತಿಸಬಹುದು. ಸುಗ್ಗಿ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ, ಮಂಗಳವಾರ ಮತ್ತು ಗುರುವಾರಗಳಲ್ಲಿ ಮದುವೆ ನಡೆಸುವುದು ಇಲ್ಲಿನ ಹಳೆಯ ಪದ್ಧತಿ. ಈಗ ವಸಂತದಲ್ಲೂ ಕೆಲವು ನಡೆಯುತ್ತವೆ. ಹೆಣ್ಣಿನ ಮನೆಯಲ್ಲಿ ಮುನ್ನೂರು ಜನ ಸೇರುವುದು ಸಾಮಾನ್ಯ. ಊಟಕ್ಕೆ ಬ್ರೆಡ್ಡಿನ ಪುಡಿಯೊಂದಿಗೆ ಬೇಯಿಸಿದ ಕೋಳಿ ಮತ್ತು ಸೆಲರಿ ದಂಟಿನ ಪಲ್ಯ ಇರಲೇಬೇಕು. ಮೇಜಿನ ಅಲಂಕಾರಕ್ಕೂ ಗಾಜಿನ ಜಾಡಿಯಲ್ಲಿ ಎಲೆಸಮೇತ ನಿಲ್ಲಿಸಿದ ಸೆಲರಿಯೇ. ನಿಶ್ಚಯವಾದ ಸಂಗತಿಯನ್ನು ಸಭೆಯಲ್ಲಿ ಪ್ರಕಟಿಸುವವರೆಗೆ ಗುಟ್ಟಾಗಿ ಇಡುವ ರೂಢಿ ಇರುವುದರಿಂದ, ಬೇಸಿಗೆಯಲ್ಲಿ ಯಾರ ಹಿತ್ತಲಿನಲ್ಲಿ ಸೆಲರಿ ಸಾಲುಗಳು ಹೆಚ್ಚಾಗಿವೆ ಎಂದು ನೋಡಿ ನೆರೆಯವರು ಮದುವೆಯನ್ನು ಊಹಿಸುತ್ತಾರಂತೆ. ನವೆಂಬರ್‌ನ ಒಂದು ಮಂಗಳವಾರ ಯಾವುದೋ ಅಂಗಳದಲ್ಲಿ ಐವತ್ತು, ಅರವತ್ತು ಬೂದು ಬಣ್ಣದ ಗಾಡಿಗಳು ಸಾಲಾಗಿ ನಿಂತಿದ್ದರೆ ಅದು ಮದುವೆಮನೆ ಎಂದು ತಿಳಿದು, ವೇಗ ತಗ್ಗಿಸಿ, ನಿಲ್ಲದೆ ಮುಂದೆ ಹೋಗಿ.

ಡಿಸೆಂಬರ್, ಜನವರಿಯಲ್ಲಿ ಹೋಗುವುದರಲ್ಲಿ ಅರ್ಥವಿದೆಯೇ?

ಇದೆ, ಆದರೆ ನಿರೀಕ್ಷೆ ಬೇರೆ ಇರಬೇಕು. ಆಮಿಶರ ಮನೆಗಳಲ್ಲಿ ಕ್ರಿಸ್ಮಸ್ ಮರವೂ ಇರುವುದಿಲ್ಲ, ದೀಪದ ಸಾಲುಗಳೂ ಇರುವುದಿಲ್ಲ. ಶಾಲೆಯ ಮಕ್ಕಳು ತಂದೆತಾಯಿಯ ಮುಂದೆ ಹಾಡಿ ಪದ್ಯ ಹೇಳುತ್ತಾರೆ, ಮನೆಮಂದಿ ಒಟ್ಟಿಗೆ ಉಣ್ಣುತ್ತಾರೆ. ದೀಪಾಲಂಕಾರ ಬೇಕಾದವರಿಗೆ ಲಿಟಿಟ್ಜ್ ಪಟ್ಟಣವಿದೆ. 1756ರಲ್ಲಿ ಮೊರೇವಿಯನ್ ಪಂಥದವರು ಕಟ್ಟಿದ ಆ ಊರಿನ ಮುಖ್ಯ ಬೀದಿ ಡಿಸೆಂಬರ್‌ನಲ್ಲಿ ಸುಂದರವಾಗಿರುತ್ತದೆ. 1861ರಲ್ಲಿ ಆರಂಭವಾದ ಜೂಲಿಯಸ್ ಸ್ಟರ್ಜಿಸ್ ಪ್ರೆಟ್ಜೆಲ್ ಅಂಗಡಿಯಲ್ಲಿ ಹಿಟ್ಟನ್ನು ಗಂಟು ಹಾಕುವುದನ್ನು ಮಕ್ಕಳಿಗೆ ಕಲಿಸುತ್ತಾರೆ. ಹಿಮ ಬಿದ್ದ ಮರುದಿನ ಬಿಳಿಯ ಹೊಲಗಳ ನಡುವೆ ಒಂದೇ ಒಂದು ಗಾಡಿ ಹೋಗುವುದನ್ನೂ, ಹೆಪ್ಪುಗಟ್ಟಿದ ಹೊಂಡದ ಮೇಲೆ ಹುಡುಗರು ಜಾರಾಡುವುದನ್ನೂ ಕಂಡವರಿಗೆ ಪ್ರಯಾಣ ವ್ಯರ್ಥವೆನಿಸದು.

ಭಾನುವಾರ ಏಕೆ ಬೇಡ? ಬೇರೆ ಯಾವ ದಿನಗಳಲ್ಲಿ ಅಂಗಡಿ ಮುಚ್ಚಿರುತ್ತವೆ?

ಭಾನುವಾರ ಆಮಿಶರು ವ್ಯಾಪಾರ ಮಾಡುವುದಿಲ್ಲ. ಒಂದು ವಾರ ಬಿಟ್ಟು ಒಂದು ವಾರ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ, ನಡುವಿನ ವಾರ ನೆಂಟರ ಭೇಟಿ. ಇವರಿಗೆ ಚರ್ಚ್ ಕಟ್ಟಡವೇ ಇಲ್ಲ. ಭಾನುವಾರ ತೆರೆದಿರುವುದು ಹೊರಗಿನವರು ನಡೆಸುವ ಆಕರ್ಷಣೆಗಳು. ಇದರ ಜೊತೆಗೆ ಈಸ್ಟರ್ ಮರುದಿನದ ಸೋಮವಾರ, ಈಸ್ಟರ್ ಆದ ನಲವತ್ತನೇ ದಿನ ಬರುವ ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ, ಈಸ್ಟರ್ ಆದ ಏಳು ವಾರಕ್ಕೆ ಬರುವ ಪೆಂಟೆಕಾಸ್ಟ್ ಹಬ್ಬದ ಮರುದಿನದ ಸೋಮವಾರ, ಅಕ್ಟೋಬರ್ 11 ಮತ್ತು ಡಿಸೆಂಬರ್ 26 ಕೂಡ ಅವರಿಗೆ ಬಿಡುವಿನ ದಿನಗಳು. ಕ್ವಿಲ್ಟ್ ಕೊಳ್ಳಲೆಂದೇ ದೂರದಿಂದ ಬರುವವರು ಇವನ್ನು ಗುರುತು ಹಾಕಿಕೊಳ್ಳಬೇಕು.

ಸಂತೆಗಳ ವಾರ ಹೀಗಿದೆ: ಲ್ಯಾಂಕಾಸ್ಟರ್ ನಗರದ ಸೆಂಟ್ರಲ್ ಮಾರ್ಕೆಟ್, 1889ರ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ, ಮಂಗಳವಾರ, ಶುಕ್ರವಾರ ಮತ್ತು ಶನಿವಾರ. ಮ್ಯಾನ್‌ಹೈಮ್ ಬಳಿಯ ರೂಟ್ಸ್ ಸಂತೆ ಮಂಗಳವಾರ. ಎಫ್ರಾಟಾದ ಗ್ರೀನ್ ಡ್ರ್ಯಾಗನ್ ಶುಕ್ರವಾರ. ಒಂದನ್ನೇ ಆರಿಸಬೇಕೆಂದರೆ ನಾನು ಗ್ರೀನ್ ಡ್ರ್ಯಾಗನ್ ಎನ್ನುತ್ತೇನೆ, ಏಕೆಂದರೆ ಅಲ್ಲಿ ಪ್ರವಾಸಿಗರಿಗಿಂತ ಸುತ್ತಲಿನ ರೈತರೇ ಹೆಚ್ಚು ಕಾಣುತ್ತಾರೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಪ್ರತಿಯೊಂದನ್ನೂ ಕೇಳಿ ತಿನ್ನಬೇಕು. ಕಾಕಂಬಿಯಿಂದ ಮಾಡುವ ಇಲ್ಲಿನ ಪ್ರಸಿದ್ಧ ಶೂಫ್ಲೈ ಪೈಯ ಹೊರಪದರಕ್ಕೆ ಕೆಲವರು ಬೆಣ್ಣೆಯ ಬದಲು ಹಂದಿ ಕೊಬ್ಬು ಹಾಕುತ್ತಾರೆ. ಡೋನಟ್ ಕರಿಯುವ ಎಣ್ಣೆಯ ಬಗ್ಗೆಯೂ ಇದೇ ಮಾತು. ಶಾವಿಗೆಯಂಥ ನೂಡಲ್ಸನ್ನು ಕೋಳಿಸಾರಿನಲ್ಲಿ ಬೇಯಿಸುವುದುಂಟು, ಹುರುಳಿಕಾಯಿ ಪಲ್ಯದಲ್ಲಿ ಹಂದಿಮಾಂಸದ ಚೂರುಗಳಿರಬಹುದು, ಬಣ್ಣದ ಜೆಲ್ಲಿಗಳಲ್ಲಿ ಜೆಲಟಿನ್ ಇರುತ್ತದೆ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ, ನೇರವಾಗಿ ಹೇಳುತ್ತಾರೆ. ಧೈರ್ಯವಾಗಿ ತಿನ್ನಬಹುದಾದವೂ ಬಹಳವಿವೆ: ಆಗ ತಾನೇ ಸುಟ್ಟ ಬ್ರೆಡ್ಡು, ಸೇಬನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಕಂದು ಬಣ್ಣದ ಆಪಲ್ ಬಟರ್, ಜುಲೈನ ಸಿಹಿ ಜೋಳ, ಪೀಚ್ ಹಣ್ಣು, ಪುದೀನ ಸೊಪ್ಪಿನ ತಣ್ಣನೆ ಚಹಾ. ಚೌ ಚೌ ಎಂಬ ಹೆಸರು ಕೇಳಿ ಉಪ್ಪಿಟ್ಟು, ಕೇಸರಿಬಾತನ್ನು ನೆನೆಸಿಕೊಳ್ಳಬೇಡಿ. ಅದು ಹೂಕೋಸು, ಕಾಳು, ಕ್ಯಾರೆಟ್‌ಗಳನ್ನು ವಿನೆಗರ್ ಮತ್ತು ಸಕ್ಕರೆಯಲ್ಲಿ ಹಾಕಿದ ಉಪ್ಪಿನಕಾಯಿ. ಮೊಸರನ್ನದ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ, ನಾಲ್ಕು ಬಾಟಲಿ ತಂದುಕೊಳ್ಳಿ.

ಕ್ವಿಲ್ಟ್ ಕೊಳ್ಳುವಾಗ ಏನು ಗಮನಿಸಬೇಕು?

ಉತ್ತರ ಕರ್ನಾಟಕದ ಕೌದಿಯನ್ನು ಬಲ್ಲವರಿಗೆ ಇದು ಅರ್ಧ ಗೊತ್ತಿರುವ ವಿದ್ಯೆ. ಕೌದಿ ಹಳೆಯ ಸೀರೆಗಳ ಪದರಗಳನ್ನು ಹೊಲಿದದ್ದು. ಇಲ್ಲಿನ ಕ್ವಿಲ್ಟಿಗೆ ಹೊಸ ಬಟ್ಟೆಯ ತುಂಡುಗಳ ಮೇಲ್ಪದರ, ನಡುವೆ ಹತ್ತಿಯಂಥ ಮೆತ್ತೆ, ಕೆಳಗೆ ಒಂದು ಬಟ್ಟೆ. ಮೂರನ್ನೂ ಚೌಕಟ್ಟಿಗೆ ಬಿಗಿದು ಹೆಂಗಸರು ಸುತ್ತ ಕುಳಿತು ಹೊಲಿಯುತ್ತಾರೆ. ತಿರುಗಿಸಿ ಹಿಂಭಾಗ ನೋಡಿ. ಕೈಹೊಲಿಗೆಯಾದರೆ ಹೊಲಿಗೆಗಳು ಸಣ್ಣವಾಗಿ, ಒಂದೇ ಅಂತರದಲ್ಲಿ, ಆದರೂ ಯಂತ್ರದಷ್ಟು ಕರಾರುವಾಕ್ಕಲ್ಲದೆ ಇರುತ್ತವೆ. ದೊಡ್ಡ ಮಂಚದ ಅಳತೆಯದಕ್ಕೆ ಬೆಲೆ ಸಾವಿರ ಡಾಲರಿನ ಆಚೀಚೆ ಇರುವುದು ಸಹಜ. ತಿಂಗಳುಗಟ್ಟಲೆ ಕೂತು ಹೊಲಿದ ಕೆಲಸಕ್ಕೆ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಅಷ್ಟು ಕೊಡಲಾಗದಿದ್ದರೆ ಗೋಡೆಗೆ ತೂಗುಹಾಕುವ ಸಣ್ಣವು ಸಿಗುತ್ತವೆ.

ಫೋಟೊ ತೆಗೆಯಬಹುದೇ? ಅವರೊಂದಿಗೆ ಮಾತನಾಡಬಹುದೇ?

ಮುಖ ಕಾಣುವಂತೆ ಫೋಟೊ ತೆಗೆಯಬೇಡಿ. ವಿಗ್ರಹ ಮಾಡಬಾರದೆಂಬ ಬೈಬಲ್‌ನ ಆಜ್ಞೆಯನ್ನೂ, ತನ್ನನ್ನು ತಾನು ಮೆರೆಸಿಕೊಳ್ಳಬಾರದೆಂಬ ವಿನಯವನ್ನೂ ಅವರು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಹೊಲ, ಕೊಟ್ಟಿಗೆ, ಸೇತುವೆಗಳ ಚಿತ್ರ ತೆಗೆಯುವುದಕ್ಕೆ ಅಡ್ಡಿಯಿಲ್ಲ. ಮಕ್ಕಳ ಕಡೆ ಕ್ಯಾಮೆರಾ ತಿರುಗಿಸುವುದಂತೂ ಬೇಡವೇ ಬೇಡ, ಒಂದೇ ಕೋಣೆಯ ಶಾಲೆಗಳ ಬಳಿ ಕಾರು ನಿಲ್ಲಿಸಬೇಡಿ. 2006ರ ಅಕ್ಟೋಬರ್ 2ರಂದು ನಿಕೆಲ್ ಮೈನ್ಸ್ ಎಂಬಲ್ಲಿನ ಆಮಿಶ್ ಶಾಲೆಗೆ ಹೊರಗಿನವನೊಬ್ಬ ನುಗ್ಗಿ ಐವರು ಹೆಣ್ಣುಮಕ್ಕಳನ್ನು ಕೊಂದ. ಆ ಸಮುದಾಯ ಕೊಂದವನ ಕುಟುಂಬವನ್ನು ಕ್ಷಮಿಸಿ ಸಂತೈಸಿತು, ಶಾಲೆಯ ಕಟ್ಟಡವನ್ನು ಕೆಡವಿ ಆ ಜಾಗವನ್ನು ಹುಲ್ಲುಗಾವಲಾಗಿ ಬಿಟ್ಟಿತು. ಆ ಜಾಗವನ್ನು ಹುಡುಕಿಕೊಂಡು ಹೋಗಬೇಡಿ.

ಅಂಗಡಿಯಲ್ಲಿ, ಸಂತೆಯಲ್ಲಿ ಮಾತನಾಡುವುದಕ್ಕೆ ಸಂಕೋಚ ಬೇಡ. ಬೆಳೆ, ಮಳೆ, ಹಸುಗಳ ಬಗ್ಗೆ ಕೇಳಿದರೆ ಅವರು ಸಂತೋಷದಿಂದ ಮಾತನಾಡುತ್ತಾರೆ. ಊರಿನಿಂದ ಬಂದ ರೈತ ತಂದೆಯೊಬ್ಬರು ಒಂದೆಕರೆಗೆ ಎಷ್ಟು ಇಳುವರಿ ಎಂದು ಆಮಿಶ್ ಮುದುಕರೊಬ್ಬರನ್ನು ಮಗನ ಮೂಲಕ ಕೇಳಿಸಿ, ಇಬ್ಬರು ಮುದುಕರೂ ಅರ್ಧ ಗಂಟೆ ಮಾತಿಗೆ ನಿಂತದ್ದನ್ನು ನಾನು ಕಂಡಿದ್ದೇನೆ.

ಎಷ್ಟು ದಿನ ಬೇಕು? ಕಾರಿಲ್ಲದೆ ಹೋಗಬಹುದೇ?

ಎರಡು ರಾತ್ರಿ ಉಳಿದರೆ ಸಾಕು. ಫಿಲಡೆಲ್ಫಿಯಾದಿಂದ ಆಮ್‌ಟ್ರ್ಯಾಕ್‌ನ ಕೀಸ್ಟೋನ್ ರೈಲು ಒಂದು ಗಂಟೆಗೆ ತುಸು ಹೆಚ್ಚು ಸಮಯದಲ್ಲಿ ಲ್ಯಾಂಕಾಸ್ಟರ್ ನಗರಕ್ಕೆ ತಲುಪಿಸುತ್ತದೆ, ಆದರೆ ಹಳ್ಳಿಗಳನ್ನು ಸುತ್ತಲು ಕಾರು ಬೇಕೇಬೇಕು.

ಕುದುರೆ ಗಾಡಿಗಳಿರುವ ರಸ್ತೆಯಲ್ಲಿ ಕಾರು ಓಡಿಸುವಾಗ ಏನು ಎಚ್ಚರ ಬೇಕು?

ಬಗ್ಗಿ ಗಾಡಿಯ ವೇಗ ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸು. ದಿಣ್ಣೆ ಏರಿ ಇಳಿಯುವ ಕಡೆ ಅದು ತಟ್ಟನೆ ಎದುರಾಗುತ್ತದೆ, ಆದ್ದರಿಂದ ಪ್ರತಿ ದಿಣ್ಣೆಯ ಆಚೆಗೂ ಒಂದು ಗಾಡಿ ಇದೆ ಎಂದುಕೊಂಡೇ ಓಡಿಸಿ. ಹಿಂದಿನಿಂದ ಹಾರ್ನ್ ಮಾಡಬೇಡಿ, ಕುದುರೆ ಬೆದರುತ್ತದೆ. ಮುಂದಿನ ರಸ್ತೆ ಪೂರ್ತಿ ಕಾಣುವವರೆಗೆ ಕಾದು, ಅಗಲವಾಗಿ ಜಾಗ ಬಿಟ್ಟು ದಾಟಿ, ದಾಟಿದ ಕೂಡಲೇ ಅದರ ಮುಂದಕ್ಕೆ ತಿರುಗಿಸಬೇಡಿ. ಸ್ಕೂಟರ್ ಮೇಲೆ ಒಂದು ಕಾಲಿನಿಂದ ನೆಲವನ್ನು ತಳ್ಳುತ್ತ ಹೋಗುವ ಮಕ್ಕಳು ರಸ್ತೆಯ ಅಂಚಿನಲ್ಲೇ ಇರುತ್ತಾರೆ. ಅಕ್ಟೋಬರ್ ನಂತರ ಬೇಗ ಕತ್ತಲಾಗುವುದರಿಂದ, ಹೊಲದ ಕೆಲಸ ಮುಗಿಸಿ ಮನೆಗೆ ಮರಳುವವರೂ ಊರಿಗೆ ಹಿಂತಿರುಗುವ ಪ್ರವಾಸಿಗರೂ ಒಂದೇ ಹೊತ್ತಿಗೆ ರಸ್ತೆಯಲ್ಲಿರುತ್ತಾರೆ. ಮುಂದೆ ಕಿತ್ತಳೆ ಬಣ್ಣದ ತ್ರಿಕೋನವೋ ಮಿನುಗುವ ಕೆಂಪು ದೀಪವೋ ಕಂಡರೆ ದೊಡ್ಡ ದೀಪವನ್ನು ತಗ್ಗಿಸಿ, ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡು, ಆ ಗಾಡಿ ತನ್ನ ಮನೆಯ ದಾರಿಗೆ ತಿರುಗಿಕೊಳ್ಳುವವರೆಗೆ ಹಿಂದೆಯೇ ನಿಧಾನವಾಗಿ ಹೋಗಿ.